ಬೇಸಿಗೆಯ ಓಟಕ್ಕೆ ಸಿಕ್ಕುವ ಒಂದು ಗಂಟೆ

ವಯನಾಡು ತಂಪಿನ ಸೀಮೆಯೆಂಬ ಹೆಸರು ಹಳೆಯದು. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಈ ನಾಡಿಗೆ ಕೋಳಿಕ್ಕೋಡಿನ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ಬೇಸಿಗೆ ಕಳೆಯಲು ಜನರು ಬರುವುದುಂಟು. ಏಪ್ರಿಲ್ ತಿಂಗಳಲ್ಲಿಯೂ ಬೆಳಗಿನ ಜಾವ ಕಂಬಳಿ ಬೇಕಾಗುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರೆಲ್ಲ ಕಂಡವರೇ. ಈಗ ಹಾಗಿಲ್ಲ. ಮಾರ್ಚ್ ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಹತ್ತು ಗಂಟೆಯ ಬಿಸಿಲು ನೆತ್ತಿಯನ್ನು ಸುಡತೊಡಗುತ್ತದೆ. ಕಾಪಿ ತೋಟದ ನೆರಳಿನಲ್ಲಿಯೂ ಸೆಕೆ ಬಿಡದು.

2024ರ ಏಪ್ರಿಲ್ ಕೊನೆಯಲ್ಲಿ ಪಾಲಕ್ಕಾಡಿನ ಉಷ್ಣಾಂಶವು 41 ಡಿಗ್ರಿ ಸೆಲ್ಸಿಯಸನ್ನು ದಾಟಿ, ಹವಾಮಾನ ಇಲಾಖೆಯು ಅಲ್ಲಿ ಉಷ್ಣ ಅಲೆಯನ್ನು ಸಾರಿದುದು ವಾಚಕರಿಗೆ ನೆನಪಿರಬಹುದು. ರಾಜ್ಯದ ವಿದ್ಯಾಸಂಸ್ಥೆಗಳನ್ನು ಮೇ 6ರ ತನಕ ಮುಚ್ಚಲು ಸರಕಾರವು ತೀರ್ಮಾನಿಸಿತು. ಬಿಸಿಲಿನಲ್ಲಿ ದುಡಿಯುವ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರ ವರೆಗೆ ಕಡ್ಡಾಯ ವಿರಾಮವಿದ್ದಿತು. ಆ ತಿಂಗಳು ಹೊರಟ ಎಚ್ಚರಿಕೆಗಳ ಪಟ್ಟಿಯಲ್ಲಿ ಹಲವು ಸಲ ಹನ್ನೆರಡು ಜಿಲ್ಲೆಗಳ ಹೆಸರಿದ್ದು, ಇಡುಕ್ಕಿ ಮತ್ತು ವಯನಾಡಿನ ಹೆಸರು ಇರುತ್ತಿರಲಿಲ್ಲ. ಇದರಿಂದ ನಮ್ಮವರಿಗೆ ಒಂದು ಬಗೆಯ ಧೈರ್ಯ ಬಂದುದು ಸಹಜವೇ. ಮರದಡಿ ಕುಳಿತವನಿಗೆ ಆ ಧೈರ್ಯ ಸಲ್ಲಬಹುದು, ಓಡುವವನಿಗೆ ಸಲ್ಲದು. ಈ ಲೇಖನದ ವಿಷಯ ಓಡುವವರದು.

ಬೇಸಿಗೆಯಲ್ಲಿ ಓಡಲೇಬೇಕೇ ಎಂದು ಕೇಳುವವರಿದ್ದಾರೆ. ಶಾಲಾ ಕ್ರೀಡಾಕೂಟಗಳು ನಡೆಯುವುದು ಮಳೆಗಾಲ ತಗ್ಗಿದ ಮೇಲೆ. ಉಪಜಿಲ್ಲೆಯಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ರಾಜ್ಯಕ್ಕೆ ಹೋಗುತ್ತಾರೆ. ಆದರೆ ಜೂನ್ ತಿಂಗಳಿನಿಂದ ಇಲ್ಲಿ ಮೈದಾನವೆಂಬುದು ಕೆಸರು ಗದ್ದೆ. ಕಾಲಿಗೆ ಬಲ, ಎದೆಗೆ ಉಸಿರು ಕೂಡಿಸಿಕೊಳ್ಳಲು ಒಣ ನೆಲವುಳ್ಳ ಏಪ್ರಿಲ್, ಮೇ ತಿಂಗಳುಗಳೇ ಗತಿ. ಇಡೀ ರಜೆಯನ್ನು ಮಲಗಿ ಕಳೆದ ಹುಡುಗನು ಮಳೆಯಲ್ಲಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕೃಪಾಂಕ, ಕ್ರೀಡಾ ಹಾಸ್ಟೆಲು, ಸೈನ್ಯ, ಪೊಲೀಸು ಎಂದು ಬಡ ಮಕ್ಕಳಿಗೆ ಓಟವು ತೆರೆಯಬಲ್ಲ ಬಾಗಿಲುಗಳು ಇಲ್ಲಿ ಇತರ ಬಾಗಿಲುಗಳಿಗಿಂತ ಹೆಚ್ಚು. ಆದುದರಿಂದಲೇ ನಾವು ರಜೆಯಲ್ಲಿಯೂ ಮಕ್ಕಳನ್ನು ಓಡಿಸುತ್ತೇವೆ.

ಕಾಡಂಚಿನ ಮನೆಯೊಂದರ ತಾಯಿ ಹೋದ ಬೇಸಿಗೆಯಲ್ಲಿ ನಮ್ಮನ್ನು ಹೀಗೆ ಕೇಳಿದರು: "ಬಿಸಿಲೇರಿದ ಮೇಲೆ ಓಡಬೇಡ ಅಂತೀರಿ. ಬೆಳಕು ಹರಿಯೋ ಮುಂಚೆ ಆನೆ ಇರ್ತದೆ, ಹೊರಡಬೇಡ ಅಂತೀರಿ. ಹಾಗಾದ್ರೆ ನಮ್ಮ ಹುಡುಗಿ ಯಾವಾಗ ಓಡಬೇಕು ಮಾಷ್ಟ್ರೇ?"

ಪ್ರಶ್ನೆ ನೇರವಾಗಿದೆ. ಉತ್ತರ ಹೇಳುವ ಮೊದಲು ಮೈಯ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಓಡುವವನಿಗೆ ಹೊರಗಿನ ಬಿಸಿಗಿಂತ ಒಳಗೆ ಹುಟ್ಟುವ ಬಿಸಿಯೇ ದೊಡ್ಡದು. ಒಂದು ಕಿಲೋಮೀಟರು ಓಡಲು ಮೈತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲರಿ ಶಕ್ತಿ ವ್ಯಯವಾಗುತ್ತದೆ. 40 ಕಿಲೋ ತೂಗುವ ಹುಡುಗನು 5 ಕಿಲೋಮೀಟರು ಓಡಿದರೆ 200 ಕಿಲೋಕ್ಯಾಲರಿ ಆಯಿತು. ಇದರಲ್ಲಿ ಮೈಯನ್ನು ಮುಂದಕ್ಕೆ ಒಯ್ಯುವ ಕೆಲಸಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲುಭಾಗ. ಉಳಿದ 150 ಬರಿಯ ಬಿಸಿಯಾಗಿ ಒಳಗೇ ಹುಟ್ಟುತ್ತದೆ. 40 ಕಿಲೋ ಮೈಯನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಸುಮಾರು 33 ಕಿಲೋಕ್ಯಾಲರಿ ಸಾಕು. ಹುಟ್ಟಿದ ಬಿಸಿಯೆಲ್ಲ ಹೊರಹೋಗದೆ ಒಳಗೆ ನಿಂತರೆ 37 ಡಿಗ್ರಿ ಇರುವ ಮೈ 41ನ್ನೂ ದಾಟುತ್ತದೆ. 40 ದಾಟಿದರೆ ಮೆದುಳು ಹದ ತಪ್ಪುವುದೆಂದು ವೈದ್ಯರು ಹೇಳುತ್ತಾರೆ. ನಮ್ಮನ್ನು ಕಾಯುವುದು ಬೆವರು. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ. ಎಂದರೆ ಆ ಹುಡುಗನ ಓಟದ ಬಿಸಿಯನ್ನೆಲ್ಲ ಕಳೆಯಲು ಕಾಲು ಲೀಟರಿಗಿಂತ ತುಸುವೇ ಹೆಚ್ಚು ಬೆವರು ಸಾಕು. ಆದರೆ ಅದು ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರು ಲೆಕ್ಕಕ್ಕಿಲ್ಲ. ಈ ಲೆಕ್ಕವನ್ನು ನಾವು ಏಳನೆಯ ತರಗತಿಯ ಕರಿಹಲಗೆಯ ಮೇಲೆ ಮಾಡಿಸುವುದುಂಟು. ಲಾಭನಷ್ಟದ ಲೆಕ್ಕಕ್ಕೆ ಆಕಳಿಸುವ ಮಕ್ಕಳೂ ಇದಕ್ಕೆ ಕಣ್ಣರಳಿಸುತ್ತಾರೆ.

ಬೆವರಿನ ದಾರಿ ಕಟ್ಟಿದರೆ ಏನಾಗುವುದೆಂಬುದಕ್ಕೆ ಹಳೆಯದೊಂದು ದುರಂತವಿದೆ. 1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ಸಿನಲ್ಲಿ ಪೋರ್ಚುಗಲಿನ ಫ್ರಾನ್ಸಿಸ್ಕೊ ಲಜಾರೊ ಎಂಬ ಮ್ಯಾರಥಾನ್ ಓಟಗಾರನು ಬಿಸಿಲು ತಾಗದಿರಲೆಂದು ಮೈಗೆಲ್ಲ ಕೊಬ್ಬನ್ನು ಲೇಪಿಸಿಕೊಂಡು ಓಡಿದನೆಂದು ಹೇಳಲಾಗಿದೆ. ಬೆವರು ಹೊರಬರಲಾಗದೆ ದಾರಿಯಲ್ಲಿ ಕುಸಿದು, ಮರುದಿನ ತೀರಿಕೊಂಡನು. ಬೆವರಿ ತೂಕ ಇಳಿಸುವೆನೆಂದು ದಪ್ಪನೆಯ ಪ್ಲಾಸ್ಟಿಕ್ ಕೋಟು ತೊಟ್ಟು ಬೇಸಿಗೆಯಲ್ಲಿ ಓಡುವ ಯುವಕರನ್ನು ನಮ್ಮ ಪೇಟೆಗಳಲ್ಲಿ ಈಗಲೂ ಕಾಣಬಹುದು. ಅವರಿಗೆ ಲಜಾರೊನ ಕಥೆಯನ್ನು ಯಾರಾದರೂ ಹೇಳಬೇಕು.

ಗಾಳಿಯಲ್ಲಿ ತೇವ ಹೆಚ್ಚಾದರೂ ಬೆವರು ಆರದು. 2019ರ ಸೆಪ್ಟೆಂಬರಿನಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹೆಂಗಸರ ಮ್ಯಾರಥಾನನ್ನು ಬಿಸಿಲಿಗೆ ಹೆದರಿ ನಡುರಾತ್ರಿಯಲ್ಲಿ ಓಡಿಸಿದರು. ಸೂರ್ಯನಿಲ್ಲದಿದ್ದರೂ 32 ಡಿಗ್ರಿಯ ಸೆಕೆ, ನೂರಕ್ಕೆ ಎಪ್ಪತ್ತನ್ನು ಮೀರಿದ ಆರ್ದ್ರತೆ. ಹೊರಟ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಕೆಲವು ದಿನಗಳ ಬಳಿಕ ಅಲ್ಲಿಯೇ ನಡುರಾತ್ರಿಯಲ್ಲಿ ನಡೆದ ಗಂಡಸರ ಓಟದಲ್ಲಿ ನಮ್ಮ ವಯನಾಡಿನ, ಸುಲ್ತಾನ್ ಬತ್ತೇರಿ ಕಡೆಯ ಟಿ. ಗೋಪಿಯವರು 2 ಗಂಟೆ 15 ನಿಮಿಷ 57 ಸೆಕೆಂಡುಗಳಲ್ಲಿ 21ನೆಯವರಾಗಿ ಬಂದರು. ಆ ರಾತ್ರಿ ಸೆಕೆ ತುಸು ಇಳಿದಿದ್ದಿತೆನ್ನಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅವರದು 25ನೆಯ ಸ್ಥಾನ, 2 ಗಂಟೆ 15 ನಿಮಿಷ 25 ಸೆಕೆಂಡು. ಮೂರು ವರ್ಷಗಳ ಅಂತರದಲ್ಲಿ, ಮರುಭೂಮಿಯ ಇರುಳಿನಲ್ಲಿ, ಕಳೆದುಕೊಂಡುದು ಕೇವಲ 32 ಸೆಕೆಂಡು! 2017ರಲ್ಲಿ ಚೀನಾದ ಡೋಂಗ್ವಾನಿನಲ್ಲಿ ಏಷ್ಯನ್ ಮ್ಯಾರಥಾನ್ ಪಟ್ಟವನ್ನು ಗೆದ್ದು ಬಂದವರೂ ಇವರೇ.

ರಿಯೊದಲ್ಲಿ ಓಡಿದ ಇನ್ನೊಬ್ಬ ವಯನಾಡಿನ ಹೆಣ್ಣುಮಗಳು ಓ.ಪಿ. ಜೈಶಾ. ಹಸಿವು ಕಂಡ ಬಾಲ್ಯ ಅವರದು. 2014ರ ಏಷ್ಯನ್ ಕ್ರೀಡೆಗಳಲ್ಲಿ 1500 ಮೀಟರಿನಲ್ಲಿ ಕಂಚು, 2015ರಲ್ಲಿ ಬೀಜಿಂಗಿನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನ ರಾಷ್ಟ್ರೀಯ ಮ್ಯಾರಥಾನ್ ದಾಖಲೆ. ಮರುವರ್ಷ ರಿಯೊದ ಬಿಸಿಲಿನಲ್ಲಿ 2 ಗಂಟೆ 47 ನಿಮಿಷ 19 ಸೆಕೆಂಡಿಗೆ 89ನೆಯವರಾಗಿ ಗುರಿ ಮುಟ್ಟಿ, ಅಲ್ಲಿಯೇ ಕುಸಿದು ಬಿದ್ದರು. ದಾರಿಯಲ್ಲಿ ತನ್ನ ದೇಶದ ಕಡೆಯಿಂದ ನೀರು ಕೊಡುವವರಿರಲಿಲ್ಲವೆಂದು ಅವರು ಹೇಳಿದರು. ಪ್ರತ್ಯೇಕ ಪಾನೀಯ ಬೇಡವೆಂದವರು ಅವರ ಕಡೆಯವರೇ ಎಂದು ಅಥ್ಲೆಟಿಕ್ಸ್ ಫೆಡರೇಶನ್ ಹೇಳಿತು. ಆ ವಾದವನ್ನು ತೀರಿಸುವುದು ನಮ್ಮ ಕೆಲಸವಲ್ಲ. ನಮ್ಮ ಮಕ್ಕಳಿಗೆ ನಾವು ತೋರಿಸುವುದು ಹನ್ನೆರಡೂವರೆ ನಿಮಿಷದ ವ್ಯತ್ಯಾಸವನ್ನು. ದೇಶದಲ್ಲಿಯೇ ವೇಗದವಳೆನಿಸಿದ ಓಟಗಾರ್ತಿಯನ್ನು ಬಿಸಿಲು ಅಷ್ಟು ಹಿಂದಕ್ಕೆ ಎಳೆಯಬಹುದಾದರೆ, ಎಂಟನೆಯ ತರಗತಿಯ ಹುಡುಗಿ ಏಪ್ರಿಲಿನಲ್ಲಿ ತನ್ನ ಜನವರಿಯ ವೇಗ ಬರಲಿಲ್ಲವೆಂದು ಅಳಬೇಕಾಗಿಲ್ಲ.

ದೊಡ್ಡವರ ಓಟಕ್ಕೆ ಹೊತ್ತನ್ನೂ ಸ್ಥಳವನ್ನೂ ಬದಲಿಸುವ ಸೌಕರ್ಯವಿದೆ. ಟೋಕಿಯೊ ಒಲಿಂಪಿಕ್ಸಿನ ಮ್ಯಾರಥಾನನ್ನು ಬಿಸಿಗೆ ಹೆದರಿ ಉತ್ತರದ ಸಪೋರೊ ನಗರಕ್ಕೆ ಒಯ್ದರು. ಅಲ್ಲಿಯೂ 2021ರ ಆಗಸ್ಟ್ 7ರ ಹೆಂಗಸರ ಓಟವನ್ನು ಹಿಂದಿನ ಸಂಜೆಯಷ್ಟೇ ತೀರ್ಮಾನಿಸಿ, ಏಳು ಗಂಟೆಯ ಬದಲು ಆರು ಗಂಟೆಗೆ ಹೊರಡಿಸಿದರು. ಬೇಸಿಗೆಯಲ್ಲಿ ಸೂರ್ಯನಿಗಿಂತ ಮುಂಚೆ ಎದ್ದು ಓಡಿ ಎಂದು ಎಲ್ಲ ಪುಸ್ತಕಗಳೂ ಹೇಳುವುದು ಇದನ್ನೇ. ಮಂಗಳೂರಿನಲ್ಲಿರುವವರು, ಬೆಂಗಳೂರಿನಲ್ಲಿರುವವರು ಹಾಗೆ ಮಾಡಲಿ. ನಮ್ಮಲ್ಲಿ ಆ ಹೊತ್ತಿಗೆ ಬೇರೆ ಒಡೆಯರಿದ್ದಾರೆ.

ಬಂಡೀಪುರ, ನಾಗರಹೊಳೆ, ಮುದುಮಲೆಯ ಕಾಡುಗಳು ಫೆಬ್ರವರಿಯಿಂದ ಒಣಗತೊಡಗುತ್ತವೆ. ಎಲೆ ಉದುರಿ, ಕೆರೆ ಬತ್ತಿ, ಅಲ್ಲಿನ ಆನೆಗಳು ನೀರು ಮೇವು ಅರಸಿ ನಮ್ಮ ಕಡೆಗೆ ಇಳಿಯುತ್ತವೆ. 1973ರಲ್ಲಿ ಘೋಷಿತವಾದ 344 ಚದರ ಕಿಲೋಮೀಟರಿನ ವಯನಾಡು ವನ್ಯಧಾಮದಲ್ಲಿ ಹಡ್ಲುಗಳಿವೆ. ಮಲಯಾಳದವರು ಇವನ್ನು ವಯಲು ಎನ್ನುತ್ತಾರೆ. ಬೇಸಿಗೆಯಲ್ಲಿಯೂ ಅವುಗಳಲ್ಲಿ ತೇವ ಇರುತ್ತದೆ, ಹುಲ್ಲು ಇರುತ್ತದೆ. ಕಾಡಿನಾಚೆ ನಮ್ಮ ತೋಟಗಳಲ್ಲಿ ಹಲಸು ಬಲಿಯುವುದೂ ಇದೇ ಹೊತ್ತಿಗೆ. ರಾತ್ರಿ ತೋಟಕ್ಕೆ ಬಂದ ಆನೆ ಕಾಡಿಗೆ ಮರಳುವ ಹೊತ್ತೂ, ಓಟಗಾರನು ಪುಸ್ತಕದಂತೆ ಹೊರಡಬೇಕಾದ ಹೊತ್ತೂ ಒಂದೇ. ಓಡುವವನ ಉಸಿರಿನ ಸದ್ದು ಅವನ ಕಿವಿಯನ್ನೇ ತುಂಬಿರುತ್ತದೆ. ಕೊಂಬೆ ಮುರಿಯುವ ಸದ್ದು ಅವನಿಗೆ ಕೇಳಿಸದು.

ಇದು ಕಲ್ಪನೆಯ ಭಯವಲ್ಲ. ಕರ್ನಾಟಕದಲ್ಲಿ ಹಿಡಿದು, ರೇಡಿಯೋ ಕಾಲರು ತೊಡಿಸಿ ಕಾಡಿಗೆ ಬಿಟ್ಟಿದ್ದ ಬೇಲೂರು ಮಖ್ನಾ ಎಂಬ ಆನೆಯು ಗಡಿ ದಾಟಿ ಬಂದು, 2024ರ ಫೆಬ್ರವರಿ 10ರ ಬೆಳಿಗ್ಗೆ ಮಾನಂತವಾಡಿಯ ಬಳಿ ಪಡಮಲೆಯಲ್ಲಿ ಒಬ್ಬರನ್ನು ಮನೆಯೊಂದರ ಅಂಗಳಕ್ಕೆ ಅಟ್ಟಿಸಿಕೊಂಡು ಬಂದು ಕೊಂದಿತು. ಅದಕ್ಕೂ ವಾರದ ಹಿಂದೆ ಹಾಗೆಯೇ ಬಂದ ಇನ್ನೊಂದು ಆನೆ ಮಾನಂತವಾಡಿ ಪೇಟೆಯಲ್ಲಿ ಹಗಲೆಲ್ಲ ನಿಂತು, ಅರಿವಳಿಕೆ ಕೊಟ್ಟು ಬಂಡೀಪುರಕ್ಕೆ ಒಯ್ದಲ್ಲಿ ಸತ್ತಿತು. ಗಡಿಯ ಗೆರೆ ನಮಗಲ್ಲದೆ ಅವುಗಳಿಗಿಲ್ಲ.

ಹೀಗಾಗಿ ತಾಯಿಯ ಪ್ರಶ್ನೆಗೆ ನಮ್ಮ ಉತ್ತರ: ಒಂದು ಗಂಟೆ ಮಾತ್ರ. ಏಪ್ರಿಲಿನಲ್ಲಿ ಇಲ್ಲಿ ಸೂರ್ಯೋದಯವು ಸುಮಾರು ಆರು ಗಂಟೆ ಹತ್ತು ನಿಮಿಷಕ್ಕೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿಷೇಧವಿದೆಯಲ್ಲವೇ? ವಾಹನಕ್ಕಿರುವ ಆ ನಿಯಮವನ್ನು ನಾವು ಕಾಲಿಗೂ ಹಾಕಿಕೊಂಡಿದ್ದೇವೆ. ಆರೂಕಾಲಕ್ಕೆ ಮುಂಚೆ ಮಕ್ಕಳು ಮನೆಯಂಗಳ ದಾಟಕೂಡದು. ಏಳೂಕಾಲರ ಬಳಿಕ ಓಟವಿಲ್ಲ. ಬೆಳಕು ಹರಿದ ಮಾತ್ರಕ್ಕೆ ಭಯ ತೀರಿತೆಂದೂ ಅಲ್ಲ. ಪಡಮಲೆಯ ದುರಂತ ನಡೆದುದು ಬೆಳಕಿನಲ್ಲಿಯೇ. ಆದುದರಿಂದ ಕಾಡು ರಸ್ತೆ, ಕಾಪಿ ತೋಟದ ಒಳದಾರಿ ಎರಡನ್ನೂ ಬೇಸಿಗೆಯಲ್ಲಿ ಬಿಟ್ಟಿದ್ದೇವೆ. ಒಂದೋ ಶಾಲೆಯ ಮೈದಾನ, ಇಲ್ಲವೇ ಕೊಯ್ಲು ಮುಗಿದು ಒಣಗಿದ ಗದ್ದೆಬಯಲು. ಗದ್ದೆಯಲ್ಲಿ ಮಣ್ಣು ಮೆದು, ನೋಟ ದೂರ. ಬಯಲಿನ ಆ ಕೊನೆಯಲ್ಲಿ ಏನಾದರೂ ಅಲುಗಿದರೆ ಈ ಕೊನೆಗೆ ಕಾಣುತ್ತದೆ. ಹೊರಡುವ ಮುನ್ನ ಊರಿನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಆನೆ ಬಂದ ಸುದ್ದಿಯುಂಟೇ ಎಂದು ಯಾರಾದರೂ ಹಿರಿಯರು ನೋಡತಕ್ಕದ್ದು. ಸುದ್ದಿಯಿದ್ದರೆ ಆ ದಿನ ಮನೆಯಂಗಳದಲ್ಲಿ ಹಗ್ಗದಾಟ. ಯಾರೂ ಒಬ್ಬೊಬ್ಬರಾಗಿ ಬರಕೂಡದು.

ಕಲ್ಪೆಟ್ಟದ ಬಳಿ ಮರವಯಲಿನಲ್ಲಿ, ಇಲ್ಲಿನ ಜೈನ ಗೌಡ ಮನೆತನದ ಎಂ.ಕೆ. ಜಿನಚಂದ್ರನ್ ಅವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ಹತ್ತಿರದವರಿಗೆ ಅದೊಂದು ವರ. ಆದರೂ ಸಿಂಥೆಟಿಕ್ ಹಾಸಿನ ಓಟದ ಪಥಗಳು ಬಿಸಿಲಿಗೆ ಮಣ್ಣಿಗಿಂತ ಬೇಗ ಕಾಯುತ್ತವೆಂಬುದು ನೆನಪಿರಲಿ. ಎತ್ತರದ ನಾಡಿನಲ್ಲಿ ಬಿಸಿಲಿನ ನೇರಳಾತೀತ ಕಿರಣಗಳೂ ಹೆಚ್ಚು. ಸಾವಿರ ಮೀಟರು ಏರಿದರೆ ಅವು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತವೆ. ಗಾಳಿ ತಂಪಾಗಿದೆಯೆಂದು ಮೋಸಹೋಗುವುದು ಮಲೆನಾಡಿನವರ ಚಾಳಿ.

ಹೊತ್ತು ಕಿರಿದಾದ ಮೇಲೆ ಓಟವೂ ಕಿರಿದಾಗಬೇಕಷ್ಟೆ. ಬಿಸಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನಗಳು ಬೇಕು. ಒಗ್ಗಿದ ಮೈ ಬೇಗನೆ ಬೆವರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ನಾಡಿ ಕಡಿಮೆ ಬಡಿಯುತ್ತದೆ. ಕೆಲವು ವಾರ ಬಿಟ್ಟುಬಿಟ್ಟರೆ ಈ ಗಳಿಕೆಯೆಲ್ಲ ಕರಗಿ ಮತ್ತೆ ಮೊದಲಿನಿಂದ ಆರಂಭ. ಅದಕ್ಕಾಗಿಯೇ ಬೇಸಿಗೆಯಲ್ಲಿ ಒಂದು ವಾರ ಪೂರ್ತಿ ನಿಲ್ಲಿಸಿ ಮರುವಾರ ಒಮ್ಮೆಗೇ ಹತ್ತು ಕಿಲೋಮೀಟರು ಓಡುವುದಕ್ಕಿಂತ, ದಿನಕ್ಕೆ ಇಪ್ಪತ್ತು ನಿಮಿಷವಾದರೂ ತಪ್ಪದೆ ಓಡುವುದು ಮೇಲು. ನಮ್ಮ ಮಕ್ಕಳು ಮೊದಲ ವಾರ ಜನವರಿಯ ದೂರದ ಅರ್ಧವನ್ನು ಮಾತ್ರ ಓಡುತ್ತಾರೆ. ವೇಗಕ್ಕೆ ಗಡಿಯಾರವಿಲ್ಲ. ಜೊತೆಗಾರನೊಡನೆ ಮಾತಾಡುತ್ತ ಓಡಲಾಗಬೇಕು. ಮಾತು ತುಂಡಾದರೆ ನಡಿಗೆ. ಹುಡುಗರಿಗೆ ಇದು ರುಚಿಸುವುದಿಲ್ಲ. ಗಂಡುಹುಡುಗರಿಗೆ ನಿಧಾನ ಕಲಿಸುವಷ್ಟು ಕಷ್ಟ ನಮ್ಮ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಬೇರೊಂದಿಲ್ಲ. ಜ್ವರ, ಭೇದಿ, ನಿದ್ದೆಗೇಡು ಇದ್ದವರು ಆ ದಿನ ನೆರಳಿನಲ್ಲಿ ಕುಳಿತು ಸುತ್ತುಗಳನ್ನು ಎಣಿಸುತ್ತಾರೆ.

ಕುಡಿಯುವ ವಿಷಯದಲ್ಲಿ ಎರಡೂ ತುದಿಗಳು ಅಪಾಯಕರ. ನೀರೇ ಕುಡಿಯದೆ ಓಡುವುದು ಗಟ್ಟಿತನವೆಂಬ ಹಳೆಯ ನಂಬಿಕೆ ಇನ್ನೂ ಸತ್ತಿಲ್ಲ. ಅದಕ್ಕೆ ವಿರುದ್ಧವಾಗಿ ಕೊಡಗಟ್ಟಲೆ ಕುಡಿಯುವವರೂ ಇದ್ದಾರೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಮಟ್ಟ ಇಳಿದಿದ್ದಿತು. ಅತಿಯಾಗಿ ಕುಡಿದು ತೂಕ ಏರಿಸಿಕೊಂಡವರಲ್ಲಿಯೇ ಇದು ಹೆಚ್ಚು. ನಮ್ಮ ಪದ್ಧತಿ ಸರಳ: ಓಟಕ್ಕೆ ಮುಂಚೆ ಒಂದು ಲೋಟ ಗಂಜಿತಿಳಿ, ಮುಗಿದ ಮೇಲೆ ಉಪ್ಪು ಬೆರೆಸಿದ ನೀರುಮಜ್ಜಿಗೆ ಅಥವಾ ರಾಗಿ ಅಂಬಲಿ, ನಡುವೆ ಬಾಯಾರಿದಷ್ಟು ನೀರು. ಓಟದ ಮೊದಲು ಮತ್ತು ಕೊನೆಗೆ ತೂಗಿ ನೋಡಿದರೆ ಕಳೆದುಹೋದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರು ನೀರು. ಪೇಟೆಯಲ್ಲಿ ಸಿಗುವ ಬಣ್ಣದ ಪಾನೀಯಗಳಿಗೆ ದುಡ್ಡು ಹಾಕಬೇಕಾದ ಅಗತ್ಯ ನಮಗೆ ಕಂಡಿಲ್ಲ. ಇಲ್ಲಿ ಒಂದು ಮಾತು ಬರೆಯಲೇಬೇಕು. ಶಾಲೆಯಿರುವಾಗ ಮಧ್ಯಾಹ್ನದ ಬಿಸಿಯೂಟವುಂಟು, ರಜೆಯಲ್ಲಿ ಅದಿಲ್ಲ. ಹಾಡಿಯಿಂದ ಬರುವ ಮಕ್ಕಳಲ್ಲಿ ಕೆಲವರು ಹಿಂದಿನ ರಾತ್ರಿ ಏನು ಉಂಡರೆಂದು ಕೇಳಿ ತಿಳಿಯದೆ ಓಡಿಸುವುದು ತಪ್ಪು. ಹಸಿದ ಮಗುವಿಗೆ ಆ ದಿನ ಗಂಜಿ ಮೊದಲು. ಓಟ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಇಷ್ಟೆಲ್ಲ ಎಚ್ಚರವಿದ್ದೂ ಒಬ್ಬನು ತೂರಾಡಿದರೆ, ಅಸಂಬದ್ಧವಾಗಿ ಮಾತಾಡಿದರೆ, ಕೇಳಿದುದಕ್ಕೆ ಉತ್ತರ ಕೊಡದಿದ್ದರೆ ಅದು ಬರಿಯ ಆಯಾಸವಲ್ಲ. ಬಿಸಿಲಿನ ಹೊಡೆತ ತಗುಲಿದವನ ಮೈ ಒಣಗಿರಬೇಕೆಂದು ಅನೇಕರು ತಿಳಿದಿದ್ದಾರೆ. ಓಡುವವರಲ್ಲಿ ಹಾಗಾಗಬೇಕೆಂದಿಲ್ಲ, ಮೈ ಬೆವರಿನಲ್ಲಿ ತೊಯ್ದಿರುವಾಗಲೂ ಅದು ಹೊಡೆಯಬಹುದು. ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ಅಷ್ಟರಲ್ಲಿ ಅವನನ್ನು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತ ಬೀಸುತ್ತಿರಲಿ. ಕೆರೆಯೋ ತೊಟ್ಟಿಯೋ ಹತ್ತಿರವಿದ್ದರೆ ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಮೇಲೆ ಹಿಡಿದಿರಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಕೂಡದು. ವಾಹನ ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಕೂಡದು. ಮೊದಲ ಅರ್ಧ ಗಂಟೆಯೇ ಜೀವ ಉಳಿಸುವ ಅಥವಾ ಕಳೆಯುವ ಹೊತ್ತು. ನಮ್ಮ ಮೈದಾನದ ಮೂಲೆಯಲ್ಲಿ ಎರಡು ಕೊಡ ನೀರು ಯಾವಾಗಲೂ ಇರುತ್ತದೆ. ಅದು ಕುಡಿಯಲಿಕ್ಕಲ್ಲ.

ನೀರಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆಯ ಗಡಿಯೂರುಗಳಿಗೆ ಮಳೆ ಕಡಿಮೆ. ಬೇಸಿಗೆಯಲ್ಲಿ ಬಾವಿಗಳು ತಳ ಕಾಣುತ್ತವೆ. ನೀರು ತರುವ ಕೆಲಸ ಮನೆಯ ಹೆಣ್ಣುಮಕ್ಕಳದು, ಅದೂ ಬೆಳಿಗ್ಗೆ ಆರರಿಂದ ಏಳರ ಒಳಗೆ. ಓಟಕ್ಕೆ ಉಳಿದಿರುವುದೂ ಅದೇ ಒಂದು ಗಂಟೆ. ಮಾರ್ಚ್ ಬಂತೆಂದರೆ ನಮ್ಮ ಹಾಜರಿ ಪಟ್ಟಿಯಲ್ಲಿ ಹುಡುಗಿಯರ ಹೆಸರುಗಳ ಮುಂದೆ ಖಾಲಿ ಕೋಣೆಗಳು ಹೆಚ್ಚುತ್ತಿದ್ದುದಕ್ಕೆ ಕಾರಣ ಬಿಸಿಲಲ್ಲ, ಕೊಡ. ಮೇಲೆ ಹೇಳಿದ ತಾಯಿಯ ಮಗಳೂ ಅವರಲ್ಲಿ ಒಬ್ಬಳು. ನಾವು ನಾಲ್ಕೈದು ಮನೆಗಳಿಗೆ ಹೋಗಿ ಕುಳಿತು ಮಾತಾಡಿದೆವು. ಒಂದು ಮನೆಯ ಯಜಮಾನರು, "ಹೆಣ್ಣು ಓಡಿ ಎಲ್ಲಿಗೆ ಹೋಗಬೇಕು ಮಾಷ್ಟ್ರೇ?" ಎಂದು ನಕ್ಕರು. ಇನ್ನೊಂದು ಮನೆಯಲ್ಲಿ ಅಜ್ಜಿಯೇ ಮುಂದೆ ಬಂದು, ವಾರದಲ್ಲಿ ಮೂರು ದಿನ ಮೊಮ್ಮಗನು ಕೊಡ ಹೊರಲಿ, ಅವನಿಗೇನು ಕೈಕಾಲಿಲ್ಲವೇ ಎಂದು ತೀರ್ಪು ಕೊಟ್ಟರು. ಈಗ ಮೂರು ಮನೆಗಳಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಗಂಡುಮಕ್ಕಳ ಸರದಿ. ಆ ದಿನಗಳಲ್ಲಿ ಅಕ್ಕಂದಿರು ಆರೂಕಾಲಕ್ಕೆ ಗದ್ದೆಬಯಲಿನಲ್ಲಿರುತ್ತಾರೆ. ಉಳಿದ ದಿನ ಕೊಡ ಇಳಿಸಿ ಏಳಕ್ಕೆ ಬಂದು, ಸಿಕ್ಕಷ್ಟು ಓಡಿ ಹೋಗುತ್ತಾರೆ.